ಮೂರು ಗಂಟಿನ ಕವರು

ನಮ್ಮ ಬೀದಿಯ ಒಣ ಕಸ ಕೆಡಿಸುತ್ತಿದ್ದದ್ದು ನಾನು. ಮಹಡಿ ಮನೆಯ ರೊಟ್ಟಿ ಹೆಂಗಸಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ನನ್ನ ಮುಖ ನೋಡಿ, "ಯಾರೋ ತಿಳೀದೆ ಹಾಕ್ಬಿಟ್ರು" ಎಂದು ತೇಲಿಸಿಬಿಡುತ್ತಾರೆ. ಯಾರೋ ಅಲ್ಲ, ನಾನೇ. ಒಂದು ದಿನ ಎರಡು ದಿನವಲ್ಲ, ಶ್ರಾವಣ ಪೂರ್ತಿ. ಕೈಯಾರೆ ಗಂಟು ಹಾಕಿ.

ನಮ್ಮ ಮನೆ ಜೆ.ಪಿ. ನಗರದಲ್ಲಿ, ಸಾರಕ್ಕಿ ಕೆರೆಗೆ ಹತ್ತಿರ. ನಾನು ಸೊಸೆಯಾಗಿ ಬಂದಾಗ ಬಾಗಿಲು ತೆಗೆದರೆ ರಾಗಿ ಹೊಲ ಕಾಣುತ್ತಿತ್ತು. ಈಗ ಬಾಗಿಲು ತೆಗೆದರೆ ಎದುರು ಮನೆಯ ಬಾಗಿಲು ಕಾಣುತ್ತದೆ. ಅದೂ ತೆಗೆದಿದ್ದರೆ ಅವರ ಟಿ.ವಿ. ಕಾಣುತ್ತದೆ. ಹೊಲ ಹೋಯಿತು ಎಂದು ನಾನೇನೂ ಅಳುವವಳಲ್ಲ. ಬಿಸಿಲಲ್ಲಿ ಬಗ್ಗಿ ಕಳೆ ಕಿತ್ತವಳಿಗೆ ಹೊಲ ಎಂದರೆ ಏನು ಎಂದು ಗೊತ್ತು. ಕೆಳಗೆ ನಾನು, ಮಗ, ಸೊಸೆ. ಮಗ ಬೆಳಗಾದರೆ ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಾನೆ, ಅವನಿಗೆ ಈ ಕತೆಯಲ್ಲಿ ಏನೂ ಕೆಲಸವಿಲ್ಲ. ಮೇಲೆ ಬಾಡಿಗೆಗೆ ವಿಜಯಪುರದ ಕಡೆಯ ಗಂಡ ಹೆಂಡತಿ, ಒಂದು ಹೆಣ್ಣು ಮಗು. ಗಂಡನಿಗೆ ಬನಶಂಕರಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಹೆಂಡತಿ ಜೋಳದ ರೊಟ್ಟಿ ತಟ್ಟಿ ಮಾರುತ್ತಾಳೆ. ಸಾಯಂಕಾಲವಾದರೆ ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನವರು ಮನೆಗೆ ಹೋಗುವ ದಾರಿಯಲ್ಲಿ ನಮ್ಮ ಗೇಟಿನ ಮುಂದೆ ನಿಂತು ಬಿಸಿ ರೊಟ್ಟಿ ಒಯ್ಯುತ್ತಾರೆ. ನನ್ನ ತಲೆಯ ಮೇಲೆ ಪಟ ಪಟ ಎಂದು ರೊಟ್ಟಿ ತಟ್ಟುವ ಸದ್ದು ಶುರುವಾದರೆ ನಾಲ್ಕು ಗಂಟೆ ಎಂದು ಲೆಕ್ಕ. ನನಗೆ ಹಲ್ಲು ಕಡಿಮೆ ಎಂದು ದಿನಾ ಎರಡು ಮೆತ್ತನೆಯ ರೊಟ್ಟಿ ನೀಲಿ ಗೆರೆಯ ಕವರಿನಲ್ಲಿ ಹಾಕಿ ಕಳಿಸುತ್ತಿದ್ದಳು. ನಾನು ರೊಟ್ಟಿ ತಿಂದು ಕವರು ಎತ್ತಿಡುತ್ತಿದ್ದೆ.

ಕಸದ ವಿಚಾರದಲ್ಲಿ ನಾನು ಬೀದಿಗೇ ಮೇಷ್ಟರು. ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಅರ್ಧ ದಿನ ಎಮ್ಮೆ ಹಿಂದೆ. ಆದರೆ ಕಸ ಬೇರೆ ಮಾಡುವುದಕ್ಕೆ ಕ್ಲಾಸು ಬೇಕಾಗಿಲ್ಲ, ಕಣ್ಣು ಬೇಕು. ಹಸಿ ಕಸದ ಹಸಿರು ಬಕೆಟ್ಟು ದಿನಾ. ಒಣ ಕಸದ ಚೀಲ ಬುಧವಾರ, ಶನಿವಾರ. ಮಕ್ಕಳ ಡಯಾಪರು, ಹೆಣ್ಣುಮಕ್ಕಳ ಪ್ಯಾಡು ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆ. ಹಾಲಿನ ಕವರು ಕತ್ತರಿಸುವಾಗ ಮೂಲೆಯ ಚೂರು ಬೇರೆಯಾಗಬಾರದು, ಅದು ಹಾರಿಹೋಗಿ ಮೋರಿ ಸೇರುತ್ತದೆ. ಕವರನ್ನು ಅಕ್ಕಿ ತೊಳೆದ ನೀರಿನಲ್ಲಿ ಜಾಲಿಸಿ ತಂತಿಗೆ ಕ್ಲಿಪ್ಪು ಹಾಕಬೇಕು. ಎಣ್ಣೆ ಕವರಿಗೆ ಒಂದು ಚಿಟಿಕೆ ಕಡಲೆ ಹಿಟ್ಟು ಉಜ್ಜಿದರೆ ಜಿಡ್ಡು ಬಿಡುತ್ತದೆ. ಪಿಜ್ಜಾ ಡಬ್ಬದ ಮುಚ್ಚಳ ಒಣದಕ್ಕೆ, ಎಣ್ಣೆ ಹತ್ತಿದ ತಳ ಹಸಿಗೆ. ಒಡೆದ ಗಾಜು ಪೇಪರಿನಲ್ಲಿ ಸುತ್ತಿ, ಕೊಡುವಾಗ ಬಾಯಲ್ಲೂ ಹೇಳಬೇಕು. ಕೆಟ್ಟ ಬಲ್ಬು, ಸೆಲ್ಲು ಯಾವುದಕ್ಕೂ ಹಾಕಬಾರದು, ಅದಕ್ಕೆ ಬೇರೆ ಡಬ್ಬ. ಇಷ್ಟನ್ನೂ ನನಗೆ ಕಲಿಸಿದ್ದು ಸೊಸೆ. ನಾನು ಕಲಿತು ಬೀದಿಗೆ ಕಲಿಸಿದೆ. ಎದುರು ಮನೆಯಾಕೆ ಒಮ್ಮೆ ಟೀ ಸೊಪ್ಪು ಒಣಗಿದೆ ಎಂದು ಒಣ ಚೀಲಕ್ಕೆ ಹಾಕಿದಾಗ ಗೇಟಿಗೇ ಹೋಗಿ ಬೈದು ಬಂದಿದ್ದೆ.

ಇಂಥವಳು ದೇವರ ಹೂವಿನಲ್ಲಿ ಎಡವಿ ಬಿದ್ದೆ.

ಮೊದಲು ಬಾಡಿದ ಹೂವನ್ನು ಹಿತ್ತಿಲ ತೆಂಗಿನ ಬುಡಕ್ಕೆ ಹಾಕುತ್ತಿದ್ದೆವು. ಮಹಡಿ ಕಟ್ಟುವಾಗ ತೆಂಗು ಹೋಯಿತು. ಆಮೇಲೆ ಕೆರೆಗೆ. ಕೆರೆಗೆ ಬೇಲಿ ಬಂತು. ಕವರು ಹಿಡಿದು ಹೋದರೆ ಕಾವಲಿನವನು ದೂರದಿಂದಲೇ ಪೀಪಿ ಊದುತ್ತಾನೆ. ಅವನ ಕೆಲಸ ಅವನು ಮಾಡುತ್ತಾನೆ, ಸರಿ. ನನ್ನ ಹೂವು ಎಲ್ಲಿ ಹಾಕಲಿ? ಹಸಿರು ಬಕೆಟ್ಟಿನಲ್ಲಿ ಎಂಜಲು ಅನ್ನ, ಭಾನುವಾರವಾದರೆ ಕೋಳಿ ಮೂಳೆ, ಚೀಪಿ ಬಿಸಾಕಿದ ನುಗ್ಗೇಕಾಯಿ. ದೇವರ ತಲೆ ಮೇಲಿದ್ದ ಹೂವನ್ನು ಅದರ ಮೇಲೆ ಸುರಿಯುವುದಕ್ಕೆ ನನಗೆ ಕೈ ಬರಲಿಲ್ಲ. ಒಣ ಚೀಲದಲ್ಲಿ ಎಲ್ಲವೂ ತೊಳೆದ ಸಾಮಾನು. ನಾನೇ ತೊಳೆದಿದ್ದು. ಮನೆಯಲ್ಲಿ ಅಷ್ಟು ಮಡಿಯಾದ ಜಾಗ ದೇವರ ಗೂಡು ಬಿಟ್ಟರೆ ಅದೊಂದೇ. ಹಾಗಾಗಿ ಮಂಗಳವಾರ, ಶುಕ್ರವಾರದ ಹೂವು, ವೀಳ್ಯದೆಲೆ, ಬಾಳೆಹಣ್ಣಿನ ಸಿಪ್ಪೆ ಎಲ್ಲವನ್ನೂ ಒಂದು ಕವರಿಗೆ ಹಾಕಿ, ಯಾರ ಕಾಲಿಗೂ ತಾಕದಿರಲಿ ಎಂದು ಮೂರು ಗಂಟು ಬಿಗಿದು ಒಣ ಚೀಲದ ತಳಕ್ಕೆ ಇಡುತ್ತಿದ್ದೆ. ಹೂವು ತೆಗೆಯುವುದು ಮಾರನೆಯ ದಿನ ನನ್ನ ಸ್ನಾನವಾದ ಮೇಲೆ. ಅಷ್ಟರಲ್ಲಿ ಕಸದ ಆಟೋ ಹೋಗಿರುತ್ತದೆ. ಮುಂದಿನ ಆಟೋ ಬರುವವರೆಗೆ ಹೂವು ಅಲ್ಲೇ ಕೂತು ಕೊಳೆಯುತ್ತದೆ. ಇದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ಹೂವು ಕಸ ಎಂದೇ ನನ್ನ ತಲೆಗೆ ಬಂದಿರಲಿಲ್ಲ.

ಆಗ ಎರಡೂ ಮನೆಗೆ ಒಂದೇ ಚೀಲ, ಮೆಟ್ಟಿಲ ಕೆಳಗೆ. ಶ್ರಾವಣ ಹುಟ್ಟಿ, ಹೂವು ಹೆಚ್ಚಾಗಿ, ಮೊದಲ ವಾರವೇ ಆಟೋದ ಹೆಂಗಸು ಚೀಲ ಎತ್ತಿದವಳು ಕೆಳಗಿಟ್ಟಳು. ಅವಳು ಪಾವಗಡದ ಕಡೆಯವಳು, ಗಟ್ಟಿ ಗಂಟಲು.

"ಏನಜ್ಜಿ ಇದು, ಕಪ್ಪು ನೀರು ಇಳೀತೈತೆ! ಪೇಪರೆಲ್ಲಾ ನೆಂದು ಮುದ್ದೆ ಆಗೈತೆ. ಕೆಳಗಡೆ ಒಣ ಕಸದ ಕೇಂದ್ರದಲ್ಲಿ ಇದನ್ನ ಆರಿಸೋದು ನಮ್ಮಕ್ಕ. ಅವಳು ಕೈ ಹಾಕಿದ್ರೆ ಹುಳ ಬರ್ತದೆ."

ನಾನು ಚೀಲ ನೋಡಲಿಲ್ಲ. ಮಹಡಿ ನೋಡಿದೆ. ಒಂದೇ ಕ್ಷಣ. ರೊಟ್ಟಿ ಜೊತೆ ಪಲ್ಯ ಮಾಡುತ್ತಾಳೆ, ಮಿಕ್ಕಿದ್ದನ್ನು ಕವರಿಗೆ ತುಂಬಿ ಎಸೆದಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ಆ ಸಲ ಬಾಯಿ ಮುಚ್ಚಿಕೊಂಡಿದ್ದೆ. ಶನಿವಾರ ಮತ್ತೆ ಅದೇ ಆಯಿತು. ಬೀದಿಯ ಹೆಂಗಸರೆಲ್ಲ ಬಕೆಟ್ಟು ಹಿಡಿದು ನಿಂತಿದ್ದಾರೆ. ನಾನು ಕತ್ತೆತ್ತಿ ಕೂಗಿದೆ.

"ಏ ಮಹಡಿ! ಇಳಿದು ಬಾ ಇಲ್ಲಿ!"

ಕೈಯೆಲ್ಲ ಹಿಟ್ಟು ಮಾಡಿಕೊಂಡು ಓಡಿ ಬಂದಳು. "ಏನಾತ್ರೀ ಅಮ್ಮಾರ?"

"ನಿನ್ನ ಹಳಸಲು ಪಲ್ಯಾನ ನನ್ನ ಚೀಲಕ್ಕೆ ಯಾಕಮ್ಮ ತುಂಬ್ತೀಯ?"

"ನಾ ಹಾಕಿಲ್ಲರೀ. ನಮ್ಮನ್ಯಾಗ ಪಲ್ಯ ಉಳಿಯೂದ ಇಲ್ಲರೀ."

"ಇನ್ಯಾರು ಹಾಕಿದ್ರು, ದೇವ್ರು ಬಂದು ಹಾಕಿದ್ನಾ?"

ಹೀಗೆಂದೆ. ನನ್ನ ಬಾಯಿಗೆ ಬೆಂಕಿ ಹಾಕ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಗಣೇಶನ ಹಬ್ಬ ಆಗ್ತಿದ್ದಂಗೆ ಮನೆ ಖಾಲಿ ಮಾಡು" ಎಂದೂ ಅಂದೆ. ಅವಳು ಕೈಯ ಹಿಟ್ಟು ಒರೆಸಿಕೊಂಡು ಮೇಲೆ ಹೋದಳು. ಆ ಸಾಯಂಕಾಲದಿಂದ ನನಗೆ ರೊಟ್ಟಿ ಬರುವುದು ನಿಂತಿತು. ಬರಬೇಕಾಗಿಯೂ ಇರಲಿಲ್ಲ.

ಅವಳು ಮಾಡಿದ ಮೊದಲ ಕೆಲಸ ಬೇರೆ ಚೀಲ ತಂದಿದ್ದು. ಜೋಳದ ಹಿಟ್ಟಿನ ಖಾಲಿ ಚೀಲ, ಅದನ್ನು ಮಹಡಿಯಲ್ಲಿ ತನ್ನ ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಳು. ಎರಡನೆಯದು, ಗಂಡನನ್ನು ಬಿಳೇಕಹಳ್ಳಿಗೆ ಕಳಿಸಿ ಮನೆ ನೋಡಿಸಿದ್ದು. ಅಲ್ಲೊಂದು ಮನೆ ಸಿಕ್ಕಿತಂತೆ, ಹಬ್ಬ ಕಳೆದ ಮೇಲೆ ಬರುತ್ತೇವೆ ಎಂದು ಮಾತು ಕೊಟ್ಟು ಬಂದನಂತೆ. ಸೊಸೆ ಇದನ್ನು ಹೇಳುವಾಗ ನನ್ನನ್ನು ನೋಡದೆ ಕೊತ್ತಂಬರಿ ಬಿಡಿಸುತ್ತಿದ್ದಳು.

"ಹೋಗ್ಲಿ ಬಿಡು" ಎಂದೆ.

"ಹೋಗ್ತಾರೆ. ಆದ್ರೆ ರೊಟ್ಟಿ ವ್ಯಾಪಾರ ಹೋಯ್ತು ಅತ್ತೆ. ಬಿಸಿ ರೊಟ್ಟಿಗೆ ಅಂತ ಇಲ್ಲಿಂದ ಬಿಳೇಕಹಳ್ಳಿಗೆ ಯಾರು ಹೋಗ್ತಾರೆ? ಇಷ್ಟು ಜನ ಮಾಡ್ಕೊಳ್ಳೋಕೆ ಅವಳಿಗೆ ನಾಲ್ಕು ವರ್ಷ ಆಯ್ತು. ಮಗೂ ಸ್ಕೂಲು ಬೇರೆ ಪಕ್ಕದ ಬೀದೀಲಿ."

ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ಗಟ್ಟಿಯಾಗಿ ಕೂತಿದ್ದೆ.

ಮುಂದಿನ ಬುಧವಾರ ಎರಡು ಚೀಲ ಹೋಯಿತು. ಅವಳ ಚೀಲವನ್ನು ಆಟೋದ ಹೆಂಗಸು ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡಳು. ನನ್ನ ಚೀಲಕ್ಕೆ ಸೆರಗು ಮೂಗಿಗೆ ಹೋಯಿತು. ನಾನು ಒಳಗೆ ಬಂದು ಸೊಸೆಗೆ, "ಬೇಕು ಅಂತ್ಲೇ ನಮ್ ಚೀಲಕ್ಕೆ ತಂದು ಹಾಕ್ತಾವ್ಳೆ" ಎಂದೆ.

"ಅತ್ತೆ, ನಮ್ ಚೀಲ ಈಗ ಅಡುಗೆ ಮನೆ ಒಳಗಿದೆ. ಬಾಗಿಲು ಹಾಕಿರುತ್ತೆ."

"ಕಿಟಕಿ ಇಲ್ವಾ? ಹಗ್ಗ ಕಟ್ಟಿ ಇಳಿಸ್ತಾಳೆ."

ಸೊಸೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಳು. ಬೇಜಾರಾಗಿದೆ ಎಂದುಕೊಂಡಿದ್ದೆ. ನಕ್ಕು ಮುಗಿಸಿ ಬರಲು ಹೋಗಿದ್ದಳಂತೆ, ಆಮೇಲೆ ಹೇಳಿದಳು.

ಶ್ರಾವಣದ ಕೊನೆಯ ಬುಧವಾರ ಆಟೋದ ಹೆಂಗಸಿಗೆ ತಾಳ್ಮೆ ಮುಗಿಯಿತು. ಹಾಡು ಹಾಕಿಕೊಂಡು ಆಟೋ ಬಂತು. ಅವಳು ಇಳಿದವಳೇ ನನ್ನ ಚೀಲ ಕಸಿದುಕೊಂಡು, ರಸ್ತೆಯ ಮೇಲೆ ಹಳೆಯ ಫ್ಲೆಕ್ಸು ಹಾಸಿ, ಎಲ್ಲವನ್ನೂ ಸುರಿದಳು.

"ಇವತ್ತು ಯಾರದು ಅಂತ ನೋಡೇ ಹೋಗೋದು" ಎಂದಳು.

ಬೀದಿಯ ಹೆಂಗಸರು ಸುತ್ತ ನಿಂತರು. ಮಹಡಿಯವಳೂ ಇಳಿದು ಬಂದು ಗೇಟಿನ ಹತ್ತಿರ ಕೈಕಟ್ಟಿ ನಿಂತಳು. ನನ್ನ ಹಾಲಿನ ಕವರುಗಳು ಬಿದ್ದವು, ಶುಭ್ರವಾಗಿ. ಪೇಪರು ಬಿತ್ತು. ಕೊನೆಗೆ ತಳದಿಂದ ಉಬ್ಬಿದ ಒಂದು ಕವರು ಪಚಕ್ ಎಂದು ಬಿತ್ತು. ಬಿಳೀ ಕವರು, ನೀಲಿ ಗೆರೆ. ನಾನು ಕುಣಿಯುವುದೊಂದು ಬಾಕಿ.

"ನೋಡ್ರಮ್ಮ! ಎಲ್ಲಾರೂ ಕಣ್ಣಾರೆ ನೋಡಿ! ಯಾರ ಕವರು ಇದು? ರೊಟ್ಟಿ ಕವರು ಅಲ್ವಾ? ಈಗೇನ್ ಹೇಳ್ತೀಯಮ್ಮ?"

ಮಹಡಿಯವಳು, "ಕವರ್ ನಮ್ದರೀ. ಒಳಗಿನ ಮಾಲು ಯಾರ್ದೈತಿ, ಬಿಚ್ಚಿ ನೋಡ್ರೆಲ" ಎಂದಳು.

ಆಟೋದವಳು ಗಂಟು ಬಿಚ್ಚಲು ಹೋದಳು. ಬರಲಿಲ್ಲ. ಹಲ್ಲು ಕಚ್ಚಿ ಎಳೆದಳು, ಬರಲಿಲ್ಲ. "ಅಬ್ಬಬ್ಬಾ, ಯಾರಪ್ಪ ಇದು, ಹಿಂಗೆ ಬಿಗಿದವ್ರೆ!" ಎಂದಳು. ನನ್ನ ಸೊಸೆ ಬಗ್ಗಿ ನೋಡಿದಳು. ಒಂದರ ಮೇಲೊಂದು ಮೂರು ಗಂಟು, ಕೊನೆಯದನ್ನು ತಿರುಗಿಸಿ ಬಾಲ ಒಳಗೆ ತುರುಕಿದ್ದು. ರಾಗಿ ಮೂಟೆ ಕಟ್ಟಿದ ಕೈಗಲ್ಲದೆ ಆ ಗಂಟು ಬೇರೆ ಯಾರಿಗೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಬೇಳೆ ಕವರು, ಮೆಣಸಿನಕಾಯಿ ಕವರು ಎಲ್ಲಕ್ಕೂ ಅದೇ ಗಂಟು. ಸೊಸೆ ಮದುವೆಯಾದಾಗಿನಿಂದ ಅದನ್ನು ಕತ್ತರಿಯಲ್ಲೇ ಕತ್ತರಿಸುತ್ತಿದ್ದಾಳೆ.

"ಅತ್ತೆ," ಎಂದಳು ಮೆಲ್ಲಗೆ, "ಇದು ನಿಮ್ ಗಂಟು."

ಕತ್ತರಿ ತಂದು ಕತ್ತರಿಸಿದರು. ಮಲ್ಲಿಗೆ ಹೊರಗೆ ಬಂತು. ಮಲ್ಲಿಗೆ ಎಂದು ನಾನು ಹೇಳಬೇಕಷ್ಟೆ. ಕಪ್ಪು ಗೊಜ್ಜು. ಅದರ ಮಧ್ಯೆ ಒಂದೇ ಒಂದು ಕನಕಾಂಬರ ಇನ್ನೂ ಕೆಂಪಗಿತ್ತು, ಕುಂಕುಮ ಹತ್ತಿದ ವೀಳ್ಯದೆಲೆ, ಬಾಳೆಹಣ್ಣಿನ ಸಿಪ್ಪೆ. ನೊಣಗಳಿಗೆ ಹಬ್ಬ.

ಆಟೋದವಳು ಹಣೆ ಚಚ್ಚಿಕೊಂಡಳು. "ಅಜ್ಜೀ! ಹಾಲಿನ ಕವರು ತೊಳೆದು ಕ್ಲಿಪ್ ಹಾಕ್ತೀಯ, ಅದ್ರ ಜೊತೆಗೆ ಇದನ್ನ ಇಡ್ತೀಯ?"

"ದೇವ್ರ ಹೂವು ಕಣೇ. ಮೂಳೆ ಜೊತೆ ಹಾಕೋಕಾಗುತ್ತಾ?"

"ಮತ್ತೆ ನಮ್ಮಕ್ಕನ ಕೈಗೆ ಹಾಕೋಕಾಗುತ್ತಾ?"

ನಾನು ಬಗ್ಗಿ, ಕತ್ತರಿಸಿ ಬಿದ್ದಿದ್ದ ನನ್ನ ಗಂಟನ್ನು ಎತ್ತಿಕೊಂಡು ನೋಡಿದೆ.

ಮೊದಲು ನಕ್ಕಿದ್ದು ನಾನೇ. ತಡೆಯಲಾಗಲಿಲ್ಲ. ಒಂದು ತಿಂಗಳಿಂದ ಹಗ್ಗ, ಕಿಟಕಿ, ಪಲ್ಯ ಎಂದು ಎಷ್ಟು ಕಟ್ಟಿದ್ದೆ, ಎಲ್ಲ ನನ್ನ ಗಂಟಿನಲ್ಲೇ ಬಿಚ್ಚಿಕೊಂಡಿತ್ತು. ನಾನು ನಕ್ಕ ಮೇಲೆ ಸೊಸೆ ಗೇಟು ಹಿಡಿದುಕೊಂಡು ನಕ್ಕಳು. ಎದುರು ಮನೆಯಾಕೆ ಬಕೆಟ್ಟು ಕೆಳಗಿಟ್ಟು ನಕ್ಕಳು. ಆಟೋ ಓಡಿಸುವವನು ಇಳಿದು ಬಂದು ಏನಾಯಿತೆಂದು ಕೇಳಿ, ತಿಳಿದುಕೊಂಡು, ಅವನೂ ನಕ್ಕ. ನಗದೇ ಇದ್ದವಳು ಮಹಡಿಯವಳು ಒಬ್ಬಳೇ. ತನ್ನ ಚೀಲ ಆಟೋಗೆ ಕೊಟ್ಟು ಮೆಟ್ಟಿಲು ಹತ್ತಿ ಹೋದಳು.

ಮಧ್ಯಾಹ್ನ ನಾನೂ ಆ ಮೆಟ್ಟಿಲು ಹತ್ತಿದೆ. ನನ್ನ ಮಂಡಿಗೆ ಹದಿನೆಂಟು ಮೆಟ್ಟಿಲು ಎಂದರೆ ಹದಿನೆಂಟು ಸಲ ಬೈಗುಳ. ಅವಳು ಹಿಟ್ಟಿಗೆ ಬಿಸಿನೀರು ಹಾಕುತ್ತಿದ್ದಳು. ಮೂಲೆಯಲ್ಲಿ ಎರಡು ರಟ್ಟಿನ ಪೆಟ್ಟಿಗೆ, ಪಾತ್ರೆ ತುಂಬಿದ್ದವು. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದಳು. ಸಿಟ್ಟಿದ್ದರೂ ಚಾಪೆ ಹಾಸಿದಳು, ಬರೆಯಲೇಬೇಕು.

"ತಪ್ಪು ನಂದು ಕಣಮ್ಮ. ಹೋಗ್ಬೇಡ" ಎಂದೆ.

"ಮಾತ್ ಕೊಟ್ಟೀವ್ರೀ ಅಮ್ಮಾರ, ಬಿಳೇಕಹಳ್ಳಿಯವ್ರಿಗೆ."

"ಬರಲ್ಲ ಅಂತ ಹೇಳಿದ್ರಾಯ್ತು."

"ಹೇಳಬೌದ್ರೀ. ಆದ್ರ ನೀವು ಓಣ್ಯಾಗ ನಿಂತು ನನ್ನ ಕಳ್ಳಿ ಮಾಡೀರಿ. ರೊಟ್ಟಿ ಒಯ್ಯೂ ಮಂದಿ ಕಿವಿಗಿ ಬಿದ್ದೈತಿ. ಒಬ್ಬಾಕಿ ನರ್ಸವ್ವ ಕೇಳಿದ್ಲು, ನಿಮ್ಮನ್ಯಾಗ ಸ್ವಚ್ಛ ಇಲ್ಲಂತಲ್ಲ ಅಂತ. ಈಗ ಮ್ಯಾಲ ಬಂದು ನನ್ನ ಕಿವ್ಯಾಗ ತಪ್ಪಾತು ಅಂದ್ರ ಹೆಂಗರೀ?"

"ಬೆಳಿಗ್ಗೆ ಎಲ್ರೂ ನೋಡಿದ್ರಲ್ಲ?"

"ನೋಡಿದ್ರು, ನಕ್ರು. ನೀವು ಅಂದಿದ್ದು ಬಾಯಿಲೆ. ಬಾಯಿಲೇನ ತಗೋರಿ. ನಾಳೆ ಗಾಡಿ ಬಂದಾಗ, ಎಲ್ಲಾರೂ ಇದ್ದಾಗ. ಆಮ್ಯಾಲ ನಾ ಇವ್ರಿಗೆ ಹೇಳಿ ಫೋನ್ ಹಚ್ಚಸ್ತೀನಿ."

ಹೆಂಗಸಿಗೆ ಲೆಕ್ಕ ಗೊತ್ತು. ನನಗೆ ಅಂಥವರು ಇಷ್ಟ. ಮೊದಲೇ ಗೊತ್ತಾಗಿದ್ದರೆ ಜಗಳವಾಡದೆ ಸ್ನೇಹ ಮಾಡಿಕೊಳ್ಳುತ್ತಿದ್ದೆ.

ಇಳಿಯುವ ಮೊದಲು ಕೇಳಿದೆ, "ನೀನು ಲಿಂಗಕ್ಕೆ ಏರಿಸಿದ ಪತ್ರೆ, ಹೂವು ಏನ್ ಮಾಡ್ತೀಯ?"

"ಹಸೀದಕ್ಕ ಹಾಕ್ತೀನ್ರೀ. ಗೊಬ್ಬರ ಆಕ್ಕೈತಿ, ಮತ್ತ ಯಾರದೋ ಹೂವಿನ ಗಿಡಕ್ಕ ಹೊಕ್ಕೈತಿ. ಅದ್ರಾಗ ಏನ್ ಮೈಲಿಗಿ?"

ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ ಹೊತ್ತವಳು ನಾನು. ಸಗಣಿ, ಬೂದಿ, ಎಂಜಲು ಎಲ್ಲ ಸೇರಿದ್ದ ಆ ಗೊಬ್ಬರದಲ್ಲಿ ಬೆಳೆದ ಚೆಂಡು ಹೂವನ್ನೇ ಆಯುಧಪೂಜೆಗೆ ಮುಡಿಸುತ್ತಿದ್ದೆವು. ವಿಜಯಪುರದವಳು ಬಂದು ಅದನ್ನು ನನಗೆ ನೆನಪು ಮಾಡಬೇಕಾಯಿತು.

ಮಾರನೆಯ ದಿನ ಗುರುವಾರ. ಆಟೋ ಹಾಡು ಕೇಳುವ ಮೊದಲೇ ಸ್ನಾನ ಮಾಡಿ, ಹಿಂದಿನ ದಿನ ತೆಗೆಯದೆ ಬಿಟ್ಟಿದ್ದ ಮಂಗಳವಾರದ ಹೂವನ್ನು ಬಾಳೆಲೆಯ ತುಂಡಿನಲ್ಲಿ ತೆಗೆದುಕೊಂಡು ಗೇಟಿಗೆ ಬಂದೆ. ಹೆಂಗಸರು ಬಕೆಟ್ಟು ಹಿಡಿದು ಬಂದರು. ಮಹಡಿಯವಳು ಮೇಲೆ ಕಟಕಟೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಗಂಡ, ಅವನ ಕೈಯಲ್ಲಿ ಫೋನು. ಒಬ್ಬಳು ನರ್ಸು ಡ್ಯೂಟಿಗೆ ಹೋಗುತ್ತಿದ್ದಳು, ಅವಳನ್ನೂ ಕೈಹಿಡಿದು ನಿಲ್ಲಿಸಿದೆ.

"ಎಲ್ಲಾರೂ ಕೇಳ್ರಮ್ಮ" ಎಂದೆ. ಹೊಲದಲ್ಲಿ ಕೂಗಿದ ಗಂಟಲು, ಮೂಲೆ ಮನೆಯವರೆಗೂ ಹೋಯಿತು. "ಒಂದು ತಿಂಗಳಿಂದ ಒಣ ಕಸದಲ್ಲಿ ಕೊಳೆತ ಹೂವು ತುಂಬಿದ್ದು ನಾನು. ಈ ರೊಟ್ಟಿ ಹೆಣ್ಣುಮಗಳ ಮೇಲೆ ಸುಳ್ಳು ಹೇಳಿದ್ದು ನಾನು. ಇವಳ ಅಡುಗೆ ಮನೆ ನನ್ನ ಅಡುಗೆ ಮನೆಗಿಂತ ಚೊಕ್ಕ. ರೊಟ್ಟಿ ಬೇಕಾದೋರು ಧೈರ್ಯವಾಗಿ ತಗೊಳ್ಳಿ. ಇವಳು ಎಲ್ಲಿಗೂ ಹೋಗಲ್ಲ, ನಾನು ಕಳಿಸಲ್ಲ."

ನರ್ಸು, "ಸಾಯಂಕಾಲ ಆರು ರೊಟ್ಟಿ ಅಕ್ಕಾ!" ಎಂದು ಮೇಲಕ್ಕೆ ಕೂಗಿದಳು. ಎದುರು ಮನೆಯಾಕೆ ಒಳಗೆ ಹೋದಳು. ತನ್ನ ಒಣ ಚೀಲಕ್ಕೆ ಕೈಹಾಕಿ, ಗಂಟು ಕಟ್ಟಿದ ಒಂದು ಕವರು ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

"ಏನಮ್ಮ ಅದು?" ಎಂದೆ.

"ಸುಮ್ನಿರಿ ಆಂಟಿ, ನಂದೂ ಹೂವೇ" ಎಂದಳು.

ಆಟೋದವಳು ಕೈ ಮುಗಿದುಬಿಟ್ಟಳು, ನಮಗೋ ಹೂವಿಗೋ ತಿಳಿಯಲಿಲ್ಲ. ಮೇಲಿನಿಂದ ಗಂಡ ಫೋನಿನಲ್ಲಿ, "ಇಲ್ರೀ ಸರ, ನಾವ್ ಬರಂಗಿಲ್ರೀ, ಇಲ್ಲೇ ಆತ್ರೀ" ಎನ್ನುವುದು ಬೀದಿಗೆಲ್ಲ ಕೇಳಿಸಿತು.

ಆಟೋದವಳು ಹಸಿ ಕಸದ ಡ್ರಮ್ಮು ನನ್ನ ಮುಂದೆ ಹಿಡಿದಳು. ಇಣುಕಿ ನೋಡಿದೆ. ಮೇಲೆಯೇ ಯಾರದೋ ಮನೆಯ ಮೀನಿನ ತಲೆ, ನನ್ನನ್ನೇ ನೋಡುತ್ತಿತ್ತು.

"ಅದನ್ನ ಸ್ವಲ್ಪ ಆ ಕಡೆ ಸರ್ಸು" ಎಂದೆ.

ಅವಳು ಕೋಲಿನಲ್ಲಿ ಸರಿಸಿದಳು. ನಾನು ಬಾಳೆಲೆ ಸಮೇತ ಹೂವು ಸುರಿದೆ.